ಸಾಹೇಬರು ಹೇಳಿದ್ದೆಲ್ಲಾ ಸರ್ಕಾರ ಏನು?

ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಓದಿದವರು ಈ ಅಂಕಣದ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ನಮ್ಮ ಬನಹಟ್ಟಿ ಕಡೆಯವರಿಗಂತೂ ಅದು ಬರೀ ಪಾಠ ಅಲ್ಲ, ಮುಧೋಳ ತಾಲ್ಲೂಕಿನ ಒಂದು ಊರಿನ ಸುದ್ದಿ. 1857ರಲ್ಲಿ ಹತಾರ ಒಪ್ಪಿಸಬೇಕು ಅಂತ ಕಂಪನಿ ಸರ್ಕಾರ ಕಾಯ್ದೆ ತಂತು. ಹಲಗಲಿಯವರು ಕೊಡೋದಿಲ್ಲ ಅಂದರು. ದಂಡು ಬಂತು, ಊರು ಸುಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ನಾವು ಅವರನ್ನು ವೀರರು ಅಂತ ಬರೆದು ನಾಲ್ಕು ಮಾರ್ಕ್ಸ್ ತಗೊಂಡೆವು. ಅದೇ ವರ್ಷ ಸಮಾಜದ ಪೇಪರಿನಲ್ಲಿ ಕಾನೂನು ಪಾಲಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಅಂತ ಬರೆದು ಇನ್ನೊಂದು ನಾಲ್ಕು ತಗೊಂಡೆವು. ಈ ಎರಡು ಉತ್ತರ ಒಂದಕ್ಕೊಂದು ಹೆಂಗ ಹೊಂದುತ್ತವೆ ಅಂತ ಯಾವ ಮಾಸ್ತರರೂ ಕೇಳಲಿಲ್ಲ.

ಮೊನ್ನೆ ಒಬ್ಬ ಹುಡುಗ ಕೇಳಿದ. ಹೆಸರು ಬರೀಬ್ಯಾಡ ಅಂದಾನ. ಅವನ ಮನೆತನ ಗುಳೇದಗುಡ್ಡದ್ದು. ಖಣ ನೇಯುತ್ತಿದ್ದ ಕ್ರೈಸ್ತ ಮನೆತನ. ಬಾಸೆಲ್ ಮಿಶನ್ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಅಲ್ಲಿನ ನೇಕಾರರ ನಡುವೆ ಬೆಳೆದ ಸಭೆ ಅದು. ಹುಡುಗ ಈಗ ನಮ್ಮ ಕಡೆ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್. ಮಗ್ಗಗಳ ಪಟ್ಟಿ ಎಂಟ್ರಿ ಮಾಡುವ ಕೆಲಸ. ಮೇಲಿನವರು ಬಾಯಿ ಮಾತಿನಲ್ಲಿ ಹೇಳಿದರಂತೆ: ಇಂತಿಂಥ ಮನೆಯ ಮಗ್ಗ ನಿಂತು ಎರಡು ವರ್ಷ ಆದರೂ ಓಡಾಕತ್ತೈತಿ ಅಂತ ಹಾಕು. ಪಟ್ಟಿಗೆ ಇಂತಿಷ್ಟೇ ಹೆಸರು ಅಂತ ಮಿತಿ ಇದ್ದದ್ದರಿಂದ, ನಿಜವಾಗಿ ಮಗ್ಗ ಓಡಿಸುತ್ತಿರುವ ಒಬ್ಬ ಗಂಡ ಸತ್ತ ಹೆಣ್ಣುಮಗಳ ಹೆಸರು ಕೆಳಗೆ ಜಾರುತ್ತದೆ.

“ಅಕ್ಕಾ, ನಮ್ಮ ಸತ್ಯವೇದದಾಗ ಅಧಿಕಾರಿಗಳಿಗೆ ಅಧೀನ ಆಗಿರ್ರಿ ಅಂತ ಐತಿ. ಪಾಸ್ಟರರೂ ಅದನ್ನ ಹೇಳಿದ್ರು. ಮಾರ್ಚಿಗೆ ಗುತ್ತಿಗೆ ಮುಗೀತೈತಿ, ಸುಮ್ಮ ಜಗಳ ಯಾಕ ಅಂತಾರ. ನಾ ಏನ್ ಮಾಡ್ಲಿ?”

“ನಿಮ್ಮಪ್ಪ ಏನಂತಾರ?”

“ಅಪ್ಪ ಏನೂ ಅನ್ನವಲ್ಲರು. ಆ ಹೆಣ್ಣಮಗಳ ಮಗ್ಗ ನೋಡಿ ಬಾ ಅಂದ್ರು, ಅಷ್ಟ.”

ನಾನು ಕ್ರೈಸ್ತಳಲ್ಲ. ಬನಹಟ್ಟಿಯ ಕಾಡಸಿದ್ಧೇಶ್ವರನ ಜಾತ್ರೆ ನೋಡುತ್ತ ಬೆಳೆದಾಕಿ. ಆದರೂ ಕೇಳಿದವನಿಗೆ ಅವನದೇ ಗ್ರಂಥದಿಂದ ಉತ್ತರ ಹುಡುಕಬೇಕಲ್ಲ, ನನ್ನ ಮನೆಯ ವಚನ ಹೇಳಿ ಕಳಿಸಿದರೆ ಆಗೋದಿಲ್ಲ. ಎರಡು ವಾರ ಕೂತು ಓದಿದೆ.

ಪಾಸ್ಟರರು ಹೇಳಿದ ಮಾತು ಇರುವುದು ರೋಮಾಪುರದವರಿಗೆ ಪೌಲ ಬರೆದ ಪತ್ರದ 13ನೇ ಅಧ್ಯಾಯದಲ್ಲಿ. ಆಳುವ ಅಧಿಕಾರ ದೇವರಿಂದಲೇ ಬಂದದ್ದು, ಅದನ್ನು ಎದುರಿಸಬೇಡಿ, ಕೊಡಬೇಕಾದ ತೆರಿಗೆ ಕೊಡಿ ಅನ್ನುವುದು ಅದರ ಸಾರ. ಕ್ರಿ.ಶ. 57ರ ಸುಮಾರಿಗೆ ಬರೆದದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಆಗ ರೋಮಿನ ಗಾದಿ ಮೇಲೆ ಇದ್ದವನು ನೀರೋ. ಒಳ್ಳೆಯ ಅರಸನನ್ನು ನೋಡಿ ಬರೆದ ಮಾತಲ್ಲ ಅದು, ಅಷ್ಟು ನೆನಪಿರಲಿ. ಸರ್ಕಾರ ಅನ್ನುವುದೇ ಇಲ್ಲದಿದ್ದರೆ ಬಲ ಇದ್ದವನದೇ ರಾಜ್ಯ, ಬಡವನಿಗೆ ಉಳಿಗಾಲ ಇಲ್ಲ ಅನ್ನುವ ತಿಳಿವಳಿಕೆ ಅದರ ಹಿಂದೆ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಹೆಲ್ಮೆಟ್ ಹಾಕದೆ ಸಿಗ್ನಲ್ ಹಾರಿಸಿ, ಸುಳ್ಳು ಬಾಡಿಗೆ ರಸೀದಿ ತೋರಿಸಿ ತೆರಿಗೆ ಉಳಿಸಿಕೊಂಡು, ಸಂಜೆ ಕಟ್ಟೆ ಮೇಲೆ ಕೂತು ವ್ಯವಸ್ಥೆಗೆ ಬೈಯುವ ನಮ್ಮಂಥವರಿಗೆ ಪೌಲನ ಮಾತು ಚುಚ್ಚಬೇಕು.

ಆದರೆ ಇದೇ ಪೌಲನ ಕಥೆ ಇನ್ನೊಂದು ಕಡೆ ಇದೆ, ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕದ 16ನೇ ಅಧ್ಯಾಯದಲ್ಲಿ. ಫಿಲಿಪ್ಪಿ ಅನ್ನುವ ಊರಲ್ಲಿ ಅಧಿಕಾರಿಗಳು ಅವನನ್ನೂ ಸಂಗಡಿಗ ಸೀಲನನ್ನೂ ವಿಚಾರಣೆ ಇಲ್ಲದೆ ಹೊಡೆಸಿ ಜೈಲಿಗೆ ಹಾಕಿದರು. ಬೆಳಗಾದ ಮೇಲೆ, ಬಿಟ್ಟುಬಿಡಿ, ಸದ್ದಿಲ್ಲದೆ ಹೋಗಲಿ ಅಂತ ಹೇಳಿ ಕಳಿಸಿದರು. ನಾವಾಗಿದ್ದರೆ ದೇವರ ದಯೆ ಅಂತ ಓಡುತ್ತಿದ್ದೆವು. ಪೌಲ ಹೋಗಲಿಲ್ಲ. ನಾವು ರೋಮಿನ ಪ್ರಜೆಗಳು, ವಿಚಾರಣೆ ಇಲ್ಲದೆ ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ಕರಕೊಂಡು ಹೋಗಲಿ ಅಂದ. ಅಧಿಕಾರಿಗಳು ಹೆದರಿ ತಾವೇ ಬಂದರು. ಮುಂದೆ ಇನ್ನೊಂದು ಮೊಕದ್ದಮೆಯಲ್ಲಿ, ಸ್ಥಳೀಯವಾಗಿ ನ್ಯಾಯ ಸಿಗೋದಿಲ್ಲ ಅನ್ನಿಸಿದಾಗ, ನೇರ ಚಕ್ರವರ್ತಿಗೇ ಅಪೀಲು ಹೋದ.

ನನಗೆ ಇಲ್ಲಿ ದಾರಿ ಕಂಡಿತು. ಅಧಿಕಾರಕ್ಕೆ ತಲೆಬಾಗಿ ಅಂತ ಬರೆದ ಮನುಷ್ಯನೇ ಅಧಿಕಾರಿಯನ್ನು ಅವನದೇ ಕಾನೂನಿನ ಮುಂದೆ ನಿಲ್ಲಿಸಿದ. ಅಂದರೆ ಅವನ ಲೆಕ್ಕದಲ್ಲಿ ಅಧಿಕಾರ ಬೇರೆ, ಅಧಿಕಾರಿ ಬೇರೆ. ಕುರ್ಚಿ ಮೇಲೆ ಕೂತವನ ಬಾಯಿಂದ ಬಂದದ್ದೆಲ್ಲ ಸರ್ಕಾರದ ಆಜ್ಞೆ ಆಗೋದಿಲ್ಲ. ಹುಡುಗನಿಗೆ ಫೋನ್ ಮಾಡಿ ಹೇಳಿದೆ: “ತಮ್ಮಾ, ನಿಂಗ ಸುಳ್ಳ ಬರಿ ಅಂತ ಸರ್ಕಾರ ಹೇಳಿಲ್ಲ. ಸರ್ಕಾರದ ಕಾಯ್ದೆ ಖರೇ ಬರಿ ಅಂತೈತಿ. ಸುಳ್ಳ ಬರಿ ಅಂದವ್ರು ಸಾಹೇಬ್ರು. ಅವ್ರ ಮಾತ ಕೇಳಿದ್ರ ನೀ ಸರ್ಕಾರದ ಮಾತ ಮೀರಿದಂಗ.”

ಇದು ನನ್ನ ಜಾಣತನವಲ್ಲ. ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರಹದಲ್ಲಿ ಇರಬೇಕು, ಬಾಯಲ್ಲಿ ಹೇಳಿದ್ದರೆ ಆಮೇಲೆ ಬರಹದಲ್ಲಿ ಖಚಿತಪಡಿಸಬೇಕು ಅಂತ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೇ ಇದೆ. ಗುತ್ತಿಗೆ ಹುಡುಗನಿಗೆ ಆ ನಿಯಮದ ಆಸರೆ ಇಲ್ಲ, ಒಪ್ಪಿದೆ. ಆದರೆ ದಯವಿಟ್ಟು ಬರಹದಲ್ಲಿ ಕೊಡಿ ಸರ್ ಅನ್ನುವ ಮಾತಿಗೆ ಯಾವ ಕಚೇರಿಯಲ್ಲೂ ಒಂದು ತೂಕ ಇದೆ. ಕಾರ್ಪೊರೇಟ್ ಕೆಲಸದವರೇ, ನಿಮಗೂ ಇದು ಗೊತ್ತು. ಫೋನಿನಲ್ಲಿ ಹೇಳಿದ್ದನ್ನು ಮೇಲ್ ಮಾಡಿ ಅಂದ ಕೂಡಲೇ ಎಷ್ಟು ಆಜ್ಞೆಗಳು ಆವಿಯಾಗಿ ಹೋಗುತ್ತವೆ!

ಇದು ಸುಲಭದ ಪ್ರಕರಣ ಅನ್ನಿ. ಕಾನೂನು ಅವನ ಕಡೆ ಇತ್ತು. ಕಾನೂನೇ ತಪ್ಪಾಗಿದ್ದರೆ?

ಆಗಿನ ಉತ್ತರವೂ ಸತ್ಯವೇದದಲ್ಲೇ ಇದೆ. ಯೇಸುವಿನ ಹೆಸರಿನಲ್ಲಿ ಬೋಧಿಸಬೇಡಿ ಅಂತ ಯೆರೂಸಲೇಮಿನ ಹಿರೀಸಭೆ ಅಪ್ಪಣೆ ಕೊಟ್ಟಾಗ, ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದು ಅನ್ನುವ ಅರ್ಥದಲ್ಲಿ ಪೇತ್ರ ಮುಖದ ಮೇಲೆ ಉತ್ತರ ಕೊಟ್ಟ. ಹೊಡೆತ ತಿಂದ. ಮರುದಿನ ಮತ್ತೆ ಬೋಧಿಸಿದ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಇಬ್ಬರು ಸೂಲಗಿತ್ತಿಯರು ಇದ್ದಾರೆ, ಶಿಪ್ರಾ ಮತ್ತು ಪೂಗಾ. ಹುಟ್ಟಿದ ಗಂಡು ಕೂಸುಗಳನ್ನು ಕೊಲ್ಲಿ ಅಂತ ಐಗುಪ್ತದ ಅರಸ ಹೇಳಿದ. ಅವರು ಕೊಲ್ಲಲಿಲ್ಲ, ಕೇಳಿದಾಗ ನೆಪ ಹೇಳಿ ಪಾರಾದರು. ಜಗತ್ತಿನ ಅತಿ ಹಳೆಯ ಅಸಹಕಾರದ ಕಥೆಗಳಲ್ಲಿ ಇದೊಂದು ಇರಬೇಕು, ಮತ್ತು ಅದರ ನಾಯಕಿಯರು ಇಬ್ಬರು ದಾಯಿಗಳು. ಈ ಕಥೆ ಚರ್ಚಿನ ಬೋಧನೆಯಲ್ಲಿ ಇನ್ನೂ ಹೆಚ್ಚು ಬರಬೇಕಿತ್ತು ಅಂತ ನನಗನ್ನಿಸಿತು.

ದಾನಿಯೇಲ ನನಗೆ ಇನ್ನೂ ಹತ್ತಿರದವನು, ಯಾಕಂದರೆ ಅವನು ಸರ್ಕಾರಿ ನೌಕರ! ದೊಡ್ಡ ಹುದ್ದೆ. ಅವನನ್ನು ಕೆಡವಬೇಕು ಅಂದ ಸಹೋದ್ಯೋಗಿಗಳು ಕಡತ ಎಲ್ಲ ತಡಕಿದರೂ ಒಂದು ತಪ್ಪು ಸಿಗಲಿಲ್ಲ. ಕೊನೆಗೆ 30 ದಿನ ಅರಸನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥನೆ ಮಾಡಬಾರದು ಅಂತ ಕಾಯ್ದೆ ಮಾಡಿಸಿದರು. ಅವನು ಯಾವತ್ತಿನ ಹಾಗೆ ಕಿಟಕಿ ತೆರೆದಿಟ್ಟು ದಿನಕ್ಕೆ ಮೂರು ಸಲ ಪ್ರಾರ್ಥಿಸಿದ, ಸಿಂಹದ ಗವಿಗೆ ಹೋದ. ಮುರಿದದ್ದು ಒಂದೇ ಕಾಯ್ದೆ, ಅದೂ ಕಿಟಕಿ ತೆರೆದು. ಉಳಿದ ಕೆಲಸದಲ್ಲಿ ಅರಸನಿಗೆ ಅವನಂಥ ನಿಷ್ಠಾವಂತ ಇರಲಿಲ್ಲ.

ಈ ಕಥೆಗಳಿಂದಲೇ ಚರ್ಚಿನ ಪಂಡಿತರು ಒಂದು ಗೆರೆ ಎಳೆದುಕೊಂಡು ಬಂದಿದ್ದಾರೆ. ದೇವರು ಬೇಡ ಅಂದದ್ದನ್ನು ಮಾಡು ಅಂತ, ಇಲ್ಲವೇ ದೇವರು ಮಾಡು ಅಂದದ್ದನ್ನು ಬೇಡ ಅಂತ ಸರ್ಕಾರ ಹೇಳಿದರೆ ಮಾತ್ರ ಮೀರಬಹುದು. ನನಗೆ ತೊಂದರೆ, ನನಗೆ ಖರ್ಚು, ನನಗೆ ಇಷ್ಟವಿಲ್ಲ ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್, ತಾಳ್ಮೆಯಿಂದಿರಿ ಅಂತ ಬುದ್ಧಿ ಹೇಳಿದ್ದ ಎಂಟು ಧರ್ಮಗುರುಗಳಿಗೆ ಪತ್ರ ಬರೆದು, ಇದಕ್ಕೆ ಇನ್ನೊಂದು ಷರತ್ತು ಸೇರಿಸಿದರು: ಮೀರುವವನು ಬಹಿರಂಗವಾಗಿ ಮೀರಬೇಕು, ಶಿಕ್ಷೆಗೆ ತಯಾರಿರಬೇಕು.

ಕೊರೊನಾ ಕಾಲದಲ್ಲಿ ಈ ಗೆರೆ ಪರೀಕ್ಷೆಗೆ ಬಂತು. 2020ರ ಏಪ್ರಿಲ್ 12ರಂದು ಈಸ್ಟರ್. ಲಾಕ್‌ಡೌನಿನಿಂದ ನಮ್ಮಲ್ಲಿ ಚರ್ಚು ಬಂದ್, ಗುಡಿ ಬಂದ್, ಮಸೀದಿ ಬಂದ್. ನಮ್ಮ ಹುಡುಗನ ಮನೆಯವರು ಮೊಬೈಲ್ ಮುಂದೆ ಕೂತು ಆರಾಧನೆ ಮಾಡಿದರು. ಅದೇ ವರ್ಷ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಮೆಕಾರ್ಥರ್ ಅನ್ನುವ ಪಾಸ್ಟರ್, ಆರಾಧನೆ ನಿಲ್ಲಿಸಲು ಸರ್ಕಾರಕ್ಕೆ ಹಕ್ಕಿಲ್ಲ ಅಂತ ನಿಷೇಧ ಮೀರಿ ಚರ್ಚು ತೆರೆದರು. ನನಗೆ ಕೇಳಿದರೆ ಗುಳೇದಗುಡ್ಡದ ಮಂದಿ ಮಾಡಿದ್ದೇ ಸರಿ. ಎಲ್ಲರಿಗೂ ಒಂದೇ ನಿಯಮ ಇತ್ತು, ಕಾರಣ ರೋಗ. ಮತ್ತು ಮೀರಿದ್ದರ ಬಿಲ್ಲು ಹೋಗುತ್ತಿದ್ದದ್ದು ಪಕ್ಕದ ಮನೆಯ ಮುದುಕರಿಗೆ.

ಬಿಲ್ಲು ಯಾರಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಕರ್ನಾಟಕದ್ದೇ ಒಂದು ಕಥೆ ಹೇಳಬೇಕು.

ಜಾರ್ಜ್ ಫರ್ನಾಂಡಿಸ್ ನಿಮಗೆ ಗೊತ್ತು. 1930ರಲ್ಲಿ ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿಗೆ ಪಾದ್ರಿ ಆಗಲಿ ಅಂತ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ, ಹುಡುಗರಿಗೆ ಬೇರೆ ಊಟ. ಬೋಧನೆಗೂ ನಡತೆಗೂ ಇರುವ ಈ ಅಂತರ ಸಹಿಸದೆ ಹೊರಬಂದೆ ಅಂತ ಅವರೇ ಹೇಳಿಕೊಂಡಿದ್ದರು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅವರು ಭೂಗತರಾದರು. ವೇಷ ಮರೆಸಿಕೊಂಡು ದೇಶ ಸುತ್ತಿದರು. ಸ್ಫೋಟಕ ಸಂಗ್ರಹಿಸಿದ ಆರೋಪ, ಬರೋಡಾ ಡೈನಮೈಟ್ ಮೊಕದ್ದಮೆ ಅನ್ನುವುದು ಅದೇ. 1976ರ ಜೂನ್ 10ರಂದು ಕೋಲ್ಕತ್ತಾದ ಒಂದು ಚರ್ಚಿನ ಆವರಣದಲ್ಲಿ ಸಿಕ್ಕಿಬಿದ್ದರು. ಮರುವರ್ಷ ಜೈಲಿನಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಗೆದ್ದು ಮಂತ್ರಿಯಾದರು. ಬೇಡಿ ತೊಟ್ಟ ಕೈ ಎತ್ತಿದ ಅವರ ಚಿತ್ರವನ್ನು ಎಲ್ಲರೂ ನೋಡಿದ್ದೇವೆ.

ಆದರೆ ಅವರು ಸಿಗುವ ಮೊದಲು ಬೆಂಗಳೂರಿನಲ್ಲಿ ಏನಾಯಿತು? ಜಾರ್ಜ್ ಎಲ್ಲಿದ್ದಾರೆ ಹೇಳು ಅಂತ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಮೇ ತಿಂಗಳಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಅದೇ ಹೊತ್ತಿಗೆ, ಮೇ 2ರಂದು, ಸ್ನೇಹಲತಾ ರೆಡ್ಡಿ ಅವರ ಬಂಧನ. ಸಂಸ್ಕಾರ ಸಿನಿಮಾದ ಚಂದ್ರಿ. ಆಂಧ್ರದ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನಾಟಕ ಕಟ್ಟಿದಾಕಿ, ಜಾರ್ಜ್ ಅವರ ಗೆಳತಿ. ಡೈನಮೈಟ್ ಮೊಕದ್ದಮೆಯ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ವಿಪರೀತ ಅಸ್ತಮಾ ಇತ್ತು. ಅಂಥದ್ದರಲ್ಲೂ ಒಳಗಿದ್ದ ಬೇರೆ ಹೆಣ್ಣು ಕೈದಿಗಳ ಪರವಾಗಿ ಜಗಳ ಆಡಿದರು, ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ತೀರಿಕೊಂಡರು. ಬೆಂಗಳೂರಿನಲ್ಲಿರುವ ನೀವು ಫ್ರೀಡಂ ಪಾರ್ಕ್ ದಾಟಿ ಆಫೀಸಿಗೆ ಹೋಗುತ್ತೀರಲ್ಲ, ಆ ಜೈಲು ಇದ್ದದ್ದು ಅಲ್ಲೇ.

ಜಾರ್ಜ್ ತಪ್ಪು ಮಾಡಿದರು ಅಂತ ನಾನು ತೀರ್ಪು ಕೊಡಲಾರೆ. ಪತ್ರಿಕೆಗಳ ಬಾಯಿ ಕಟ್ಟಿ, ವಿರೋಧಿಗಳನ್ನು ಜೈಲಿಗೆ ತಳ್ಳಿದ ಸರ್ಕಾರ ಅದು. ಚಿತ್ರಹಿಂಸೆಯ ಪಾಪ ಕೊಟ್ಟವರದೇ, ಅಡಗಿದವರದಲ್ಲ. ಆದರೆ ಕಿಟಕಿ ತೆರೆದಿಟ್ಟು ಮೀರುವುದಕ್ಕೂ, ಅಡಗಿ ಮೀರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಅಡಗಿದವನನ್ನು ಹುಡುಕುವವರು ಅವನ ತಮ್ಮನ ಮನೆಗೆ ಬರುತ್ತಾರೆ, ಗೆಳತಿಯ ಮನೆಗೆ ಬರುತ್ತಾರೆ. ಹಲಗಲಿಯಲ್ಲೂ ಅಷ್ಟೇ, ಬೆಂಕಿ ಹತಾರ ಹಿಡಿದವನ ಮನೆ ಯಾವುದು ಅಂತ ಕೇಳಿ ಹತ್ತಲಿಲ್ಲ.

ಹಾಗಂತ ಸುಮ್ಮನಿದ್ದರೆ ಬಿಲ್ಲೇ ಬರೋದಿಲ್ಲ ಅಂದುಕೊಳ್ಳಬೇಡಿ. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರವೂ ಅದರ ಬೆಂಬಲಿಗರೂ ಇದೇ ರೋಮಾಪುರ 13ನ್ನು ಹಿಡಿದುಕೊಂಡು ಕರಿಯರಿಗೆ ಅಧೀನರಾಗಿರಿ ಅನ್ನುತ್ತಿದ್ದರು. 1985ರಲ್ಲಿ ಅಲ್ಲಿನ ಧರ್ಮಗುರುಗಳು, ದೇವಶಾಸ್ತ್ರಜ್ಞರು ಸೇರಿ ಕೈರೋಸ್ ಅನ್ನುವ ಹೇಳಿಕೆ ಹೊರಡಿಸಿ, ಪೌಲನ ಮಾತನ್ನು ಹೀಗೆ ಬಳಸುವುದು ಧರ್ಮವೇ ಅಲ್ಲ ಅಂದರು. ಹಿಟ್ಲರನ ಜರ್ಮನಿಯಲ್ಲಿ ಬಹಳಷ್ಟು ಚರ್ಚುಗಳು ತಲೆಬಾಗಿದವು. ಬಾಗದ ಡೀಟ್ರಿಚ್ ಬೊನ್‌ಹಾಫರ್ ಹಿಟ್ಲರ್ ವಿರುದ್ಧದ ಸಂಚಿನ ಗುಂಪಿಗೆ ಸೇರಿದರು, 1945ರ ಏಪ್ರಿಲ್ 9ರಂದು ಗಲ್ಲಿಗೇರಿದರು. ಸಂಚಿಗೆ ಕೈ ಹಾಕಿದವನ ಕೈ ಸ್ವಚ್ಛ ಇರೋದಿಲ್ಲ, ಆ ಅಪರಾಧವನ್ನೂ ಹೊತ್ತುಕೊಳ್ಳಬೇಕು ಅಂತ ಅವರು ನಂಬಿದ್ದರು. ತಾವು ಮಾಡಿದ್ದಕ್ಕೆ ಧರ್ಮದ ಸರ್ಟಿಫಿಕೇಟ್ ಕೇಳಲಿಲ್ಲ. ಅದು ನನಗೆ ಹಿಡಿಸಿತು.

ನಮ್ಮ ದೇಶದಲ್ಲಿ ಇನ್ನೂ ಒಂದು ಅನುಕೂಲ ಇದೆ. ನೀರೋನ ಕಾಲದವರಿಗೆ ಇರದಿದ್ದ ಸಂವಿಧಾನ ನಮಗಿದೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ ಮೂವರು ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಹಾಡುವುದು ನಮ್ಮ ನಂಬಿಕೆಗೆ ಒಪ್ಪೋದಿಲ್ಲ ಅಂತ. ಬೇರೆ ಬಹಳ ಕ್ರೈಸ್ತರಿಗೂ ಈ ನಂಬಿಕೆ ವಿಚಿತ್ರ ಅನ್ನಿಸುತ್ತದೆ, ನನಗೂ. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಎದ್ದು ನಿಂತ ಮಕ್ಕಳು ಅಗೌರವ ತೋರಿಸಿಲ್ಲ, ಶಾಲೆಗೆ ವಾಪಸು ಸೇರಿಸಿ ಅಂತ ತೀರ್ಪು ಕೊಟ್ಟಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂದರೆ ಲಾ ಓದಿದವರಿಗೆಲ್ಲ ಗೊತ್ತು. ಆ ಮಕ್ಕಳು ಕಿರುಚಲಿಲ್ಲ, ಕಲ್ಲು ಒಗೆಯಲಿಲ್ಲ. ಒಂದೇ ಒಂದು ಕೆಲಸ ಮಾಡಲಿಲ್ಲ, ಅಷ್ಟೇ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂದಾಗಲೂ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಬಹಿರಂಗವಾಗಿಯೇ ವಿರೋಧಿಸಿದರು, ಕ್ರೈಸ್ತ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಚಕ್ರವರ್ತಿಗೆ ಅಪೀಲು ಹೋದ ಪೌಲನ ದಾರಿಯೇ ಅದು. ಪಾಲಿಸುವುದು ಮತ್ತು ಮುರಿಯುವುದು, ಈ ಎರಡರ ನಡುವೆ ಇಷ್ಟು ಜಾಗ ಇದೆ ಅಂತ ನಮ್ಮ ಪೌರನೀತಿ ಪಾಠದಲ್ಲಿ ಯಾಕೆ ಬರಲಿಲ್ಲವೋ.

ಇನ್ನು ಆ ಹುಡುಗನ ವಿಷಯ. ಅಪ್ಪ ಹೇಳಿದ ಹಾಗೆ ಆ ಹೆಣ್ಣುಮಗಳ ಮನೆಗೆ ಹೋಗಿ ಮಗ್ಗ ನೋಡಿ ಬಂದ. ಸೀರೆ ಅರ್ಧ ಆಗಿತ್ತಂತೆ. ಮರುದಿನ ಕಚೇರಿಯಲ್ಲಿ ನಾಲ್ಕು ಸಾಲಿನ ಅರ್ಜಿ ಕೊಟ್ಟ: ತಾವು ಬಾಯಿಯಲ್ಲಿ ಹೇಳಿದ ತಿದ್ದುಪಡಿ ಸ್ಥಳದಲ್ಲಿ ಕಂಡದ್ದಕ್ಕೆ ಹೊಂದುತ್ತಿಲ್ಲ, ದಯವಿಟ್ಟು ಲಿಖಿತ ಆದೇಶ ಕೊಡಬೇಕು. ಸ್ವೀಕೃತಿ ಸಹಿ ಬೇಕು ಅಂದಾಗ ಆವಕ ವಿಭಾಗದ ಕ್ಲರ್ಕ್ ಇವನ ಮುಖವನ್ನೇ ನೋಡಿದರಂತೆ. ಆಮೇಲೆ ಸಿಕ್ಕಾ ಒತ್ತಿ ಕೊಟ್ಟರು. ಸಾಹೇಬರು ಬೈಯಲಿಲ್ಲ. ಅವತ್ತಿನಿಂದ ಮಾತೂ ಆಡಿಲ್ಲ. ಎಂಟ್ರಿ ಮಾಡುವ ಐಡಿಯನ್ನು ಬೇರೆಯವರಿಗೆ ಕೊಟ್ಟಿದ್ದಾರೆ, ಇವನಿಗೆ ಹಳೇ ಕಡತ ಜೋಡಿಸುವ ಕೆಲಸ.

“ಐಡಿ ತಗೊಂಡವ ಏನ್ ಮಾಡ್ಯಾನ?” ಅಂತ ಕೇಳಿದೆ.

“ಗೊತ್ತಿಲ್ಲಕ್ಕಾ. ಪಟ್ಟಿ ಇನ್ನೂ ಹೊರಗ ಬಂದಿಲ್ಲ. ಬಂದ ಮ್ಯಾಲ ಆಕಿ ಹೆಸರು ಇರಲಿಲ್ಲ ಅಂದ್ರ, ಮಾಹಿತಿ ಹಕ್ಕಿನ ಅರ್ಜಿ ಹೆಂಗ ಬರೀಬೇಕು ಅಂತ ಆಕಿಗೆ ಹೇಳಿ ಬಂದೇನಿ.”

ಪಾಸ್ಟರರಿಗೆ ಈ ವಿಷಯ ಹೇಳಿದೆಯಾ ಅಂದೆ. ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಯ ಜೆರಾಕ್ಸ್ ಒಂದು ನಮ್ಮ ಹತ್ತಿರಾನೂ ಇರಲಿ ಕೊಡಪಾ ಅಂದರಂತೆ.